ನಡೆಯೋ ಮಾತೇ ಅಲ್ಲ

ಅಮೆರಿಕದ ಯಾವ ಆಫೀಸಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಸಂಬಳ ಬರುವುದು ಲೆಕ್ಕಪತ್ರ ನೋಡಿದ್ದಕ್ಕೆ. ಮನಸ್ಸಿನಲ್ಲಿ ಮಾತ್ರ ಅವರು ಫುಟ್‌ಬಾಲ್ ಕೋಚ್. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಲ್ಲಿನ ಫುಟ್‌ಬಾಲು. ತಂಡ ಇರುವುದು ಆನ್‌ಲೈನ್ ಆಟವೊಂದರಲ್ಲಿ. ವೇಗ 91, ಬಲ 84 ಎಂದು ಆಟಗಾರರ ಅಂಕಗಳನ್ನು ಜಾತಕ ನೋಡುವವರ ಗಾಂಭೀರ್ಯದಲ್ಲಿ ನೋಡಿ, ಯಾವ ಡೌನಿಗೆ, ಅಂದರೆ ಮುಂದೆ ಸಾಗುವ ಯಾವ ಯತ್ನಕ್ಕೆ, ಪಾಸು, ಯಾವುದಕ್ಕೆ ಓಟ ಎಂದು ತುಂಬಿಟ್ಟು ಮಲಗುತ್ತಾರೆ. ಬೆಳಗಾಗುವುದರೊಳಗೆ ಸರ್ವರು ಆಟ ಮುಗಿಸಿರುತ್ತದೆ.

ಗೆದ್ದರೆ ತಂತ್ರ ತಮ್ಮದು. ಸೋತರೆ ಪ್ರೋಗ್ರಾಂ ಬರೆದವನಿಗೆ ಫುಟ್‌ಬಾಲೇ ಗೊತ್ತಿಲ್ಲ.

"ನಾಲ್ಕನೇ ಡೌನು, ಬೇಕಿದ್ದದ್ದು ಒಂದೇ ಗಜ. ಮುಂದೆ ನಮ್ಮ 320 ಪೌಂಡಿನ ಆಳು ನಿಂತಿದ್ದಾನೆ. ಆದರೂ ಎರಡು ಗಜ ಹಿಂದಕ್ಕೆ! ನಡೆಯೋ ಮಾತಾ?" ಎನ್ನುತ್ತ, ಹಳದಿ ಪೆನ್ನಿನಲ್ಲಿ ಗೆರೆ ಎಳೆದ ರಾತ್ರಿಯ ಆಟದ ವರದಿಯನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. ವರದಿ ಆಫೀಸಿನ ಪ್ರಿಂಟರಿನದೇ.

ಒಳಗಿನ ಗುಟ್ಟು ದೊಡ್ಡದೇನಲ್ಲ. ಎದುರುಬದುರು ನಿಂತವರ ಅಂಕ ಹೋಲಿಸಿ, ಯಂತ್ರ ಒಂದು ದಾಳ ಉರುಳಿಸುತ್ತದೆ. ಹತ್ತರಲ್ಲಿ ಏಳು ಸಲ ಗೆಲ್ಲುವವನು ಮೂರು ಸಲ ಸೋಲಲೇಬೇಕು. ಕೋಚ್ ಸಾಹೇಬರಿಗೆ ಇದು ತಾತ್ವಿಕವಾಗಿ ಒಪ್ಪಿಗೆ. ಆ ಮೂರು ಸಲ ಬೇರೆಯವರ ತಂಡಕ್ಕೆ ಬರಲಿ, ಅಷ್ಟೇ.

ಪಾಪ, ನಿಜವಾದ ಆಟಕ್ಕೇ ನೈಜತೆಯ ಪರಿವೆ ಇಲ್ಲ. 1964ರಲ್ಲಿ ಮಿನ್ನೆಸೋಟ ವೈಕಿಂಗ್ಸ್‌ನ ಜಿಮ್ ಮಾರ್ಷಲ್, ನೆಲಕ್ಕೆ ಬಿದ್ದ ಚೆಂಡನ್ನು ಎತ್ತಿಕೊಂಡು 66 ಗಜ ಓಡಿದರು, ತಮ್ಮದೇ ತಂಡದ ತುದಿಗೆ! ಅಂಕ ಗಳಿಸಿದೆನೆಂಬ ಖುಷಿಯಲ್ಲಿ ಚೆಂಡನ್ನು ಆಚೆ ಎಸೆದೂಬಿಟ್ಟರು. ಎದುರಾಳಿಗೆ ಎರಡು ಅಂಕ ಪುಕ್ಕಟೆ. ಇಷ್ಟಾದರೂ ವೈಕಿಂಗ್ಸ್ 27–22ರಲ್ಲಿ ಗೆದ್ದಿತು. 2012ರಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಮಾರ್ಕ್ ಸ್ಯಾಂಚೆಸ್ ಸ್ವಂತ ತಂಡದವನ ಹಿಂಭಾಗಕ್ಕೇ ಡಿಕ್ಕಿ ಹೊಡೆದು ಚೆಂಡು ಕೈಬಿಟ್ಟರು. ಎದುರಾಳಿ ಅದನ್ನೆತ್ತಿಕೊಂಡು ಹೋಗಿ ಟಚ್‌ಡೌನ್ ಮಾಡಿದ. ದೇಶವೆಲ್ಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೂತು ನೋಡುತ್ತಿದ್ದ ದಿನವದು.

"ಇವು ನಿಮ್ಮ ವರದಿಯಲ್ಲಿ ಬಂದಿದ್ದರೆ?" ಎಂದು ಕೇಳಿದೆ.

"ಬಿಡ್ತಿದ್ನಾ? ಅವತ್ತೇ ದೂರು ಬರೀತಿದ್ದೆ!"

ಮೊನ್ನೆ ಬರೆದೂಬಿಟ್ಟರು, ಎಕ್ಸೆಲ್ ಪಟ್ಟಿ ಸಮೇತ. ಎರಡು ದಿನ ಕಳೆದು, ಕಾಫಿ ಲೋಟ ಹಿಡಿದು ಓಡೋಡಿ ಬಂದರು. ರಾತ್ರಿ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಸತತ ನಾಲ್ಕು ಸಲ ಜಾರಿತ್ತಂತೆ, ಇವರ ತಂಡ ಗೆದ್ದಿತ್ತಂತೆ.

"ನೋಡಿ, ಪತ್ರ ಬರೆದದ್ದಕ್ಕೆ ಸರಿಮಾಡಿದ್ದಾರೆ. ಈಗ ಬಂತು ಅಸಲಿ ಫುಟ್‌ಬಾಲು!"