ಉಡ್ಲಾಕೋ, ಕೊಡ್ಲಾಕೋ?

ಕಲಬುರಗಿ ಕಡೆಯ ನಮ್ಮೂರು ಇಜೇರಿಯಲ್ಲಿ ಯಾರಿಗಾದರೂ ‘ನೀವು ಬಾಳ ಚೀಪ್ ಇದ್ದೀರಿ’ ಅಂತ ಹೇಳಿ ನೋಡಿ. ಇಂಗ್ಲಿಷಿನ ಮೊದಲ ಅಕ್ಷರ ಕಲಿಯದ ಅಜ್ಜನೂ ಬಡಿಗೆ ಹುಡುಕುತ್ತಾನೆ. ಅದೇ ಅಜ್ಜನಿಗೆ ‘ನಿಮ್ಮ ಅಂಗಡ್ಯಾಗ ಸಾಮಾನು ಬಾಳ ಸೋವಿ ಅವ ನೋಡ್ರಿ’ ಅನ್ನಿ, ಕೂಡಲು ಜಾಗ ಕೊಟ್ಟು ಚಹಾ ತರಿಸುತ್ತಾನೆ. ನಿಘಂಟಿನ ಪ್ರಕಾರ ಎರಡೂ ಒಂದೇ. ಆದರೆ ನಿಘಂಟು ಬರೆದವರು ನಮ್ಮ ಕಟ್ಟೆಯ ಮೇಲೆ ಕೂತು ಬರೆದವರಲ್ಲ.

ನಮ್ಮ ಕಡೆಯ ಮಂದಿ ಈ ವಿಷಯದಲ್ಲಿ ಬಹಳ ಹುಷಾರಿ. ರೇಟು ಕಮ್ಮಿಯಿದ್ದರೆ ಸೋವಿ. ಮಾಲು ಬಾಳಿಕೆ ಬರದಿದ್ದರೆ ಹಲಕಾ. ರೊಕ್ಕ ಬಿಚ್ಚದವನು ಕಂಜೂಸ್. ನಡತೆ ಕೆಟ್ಟವನು ಹಲ್ಕಟ್. ಮದುವೆ ಮನೆಯಲ್ಲಿ ಹೋಳಿಗೆ ಎಣಿಸುವವನದು ಚಿಲ್ಲರೆ ಬುದ್ಧಿ. ಒಬ್ಬೊಬ್ಬರಿಗೆ ಒಂದೊಂದು ಮಾತು, ಒಬ್ಬರ ಪಾಪ ಇನ್ನೊಬ್ಬರಿಗೆ ಅಂಟುವುದಿಲ್ಲ. ಸೋವಿ ಚಪ್ಪಲಿ ಮೆಟ್ಟಿದವನನ್ನು ಹಲ್ಕಟ್ ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಇಂಗ್ಲಿಷರು ಇಷ್ಟನ್ನೂ ಚೀಪ್ ಅನ್ನುವ ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದಾರೆ. ಆ ಚೀಲ ನಮ್ಮೂರಿಗೆ ಬಂದಾಗ ನಾವು ರೇಟಿನ ಅರ್ಥವನ್ನು ಅಲ್ಲೇ ಬಿಟ್ಟು ಬೈಗುಳವನ್ನಷ್ಟೇ ಇಳಿಸಿಕೊಂಡೆವು. ಅಗ್ಗಕ್ಕೆ ಸೋವಿ ಇದ್ದೇ ಇತ್ತು, ಮರ್ಯಾದೆ ತೆಗೆಯಲು ಹೊಸದೊಂದು ಬೇಕಿತ್ತು ನೋಡಿ.

ಪಾಪ, ಹುಟ್ಟಿದಾಗ ಈ ಚೀಪ್ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ವ್ಯಾಪಾರ, ಸಂತೆ ಅಂತ ಅರ್ಥ. ಲಂಡನ್ನಿನಲ್ಲಿ ಚೀಪ್‌ಸೈಡ್ ಅಂತ ಇಂದಿಗೂ ಒಂದು ಬೀದಿಯಿದೆ, ಒಂದು ಕಾಲದಲ್ಲಿ ಅದು ಆ ಊರಿನ ದೊಡ್ಡ ಸಂತೆ. ಅದರ ಮಗ್ಗುಲಿನ ಓಣಿಗಳು ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್. ರೊಟ್ಟಿ ಗಲ್ಲಿ, ಹಾಲಿನ ಗಲ್ಲಿ ಅಂದುಕೊಂಡರೆ ಕಲಬುರಗಿಯವರಿಗೆ ಅದು ಪರದೇಶ ಅನ್ನಿಸಲಿಕ್ಕಿಲ್ಲ. ಒಳ್ಳೆಯ ವ್ಯಾಪಾರ ಕುದುರಿದರೆ ಅಲ್ಲಿಯವರು ‘ಗುಡ್ ಚೀಪ್’ ಅನ್ನುತ್ತಿದ್ದರು. ಬರಬರುತ್ತ ಗುಡ್ ಕಳಚಿ ಬಿತ್ತು, ಚೀಪ್ ಒಂದೇ ಉಳಿಯಿತು. ಜೊತೆಗಿದ್ದ ಒಳ್ಳೆಯವನು ಎದ್ದು ಹೋದ ಮೇಲೆ ಉಳಿದವನ ಹೆಸರು ಕೆಡಲು ಎಷ್ಟು ಹೊತ್ತು?

ಅರ್ಥಗಳ ಈ ಕಲಬೆರಕೆ ನೋಡಬೇಕೆಂದರೆ ಲಂಡನ್ನಿಗೆ ಹೋಗಬೇಕಿಲ್ಲ. ಮದುವೆ ಸೀಜನ್ನಿನಲ್ಲಿ ಜೇವರ್ಗಿಯ ಯಾವುದಾದರೂ ಬಟ್ಟೆ ಅಂಗಡಿಯ ಗಾದಿಯ ಮೇಲೆ ಒಂದು ತಾಸು ಕೂತರೆ ಸಾಕು. ಹೆಣ್ಣುಮಕ್ಕಳು ಒಳಗೆ ಕಾಲಿಟ್ಟ ಕೂಡಲೇ ಅಂಗಡಿಯವನ ಮೊದಲ ಪ್ರಶ್ನೆ: “ಅಕ್ಕೋರ, ಉಡ್ಲಾಕೋ, ಕೊಡ್ಲಾಕೋ?”

ಉಡುವ ಸೀರೆ ಮೇಲಿನ ಕಪಾಟಿನಿಂದ ಒಂದೊಂದಾಗಿ ಇಳಿಯುತ್ತದೆ. ಕೊಡುವ ಸೀರೆ, ಅಂದರೆ ಮದುವೆಯ ಉಡುಗೊರೆ ಆಯೇರಿಯದು, ಕೆಳಗಿನ ಗಂಟಿನಿಂದ ಡಜನ್ನುಗಟ್ಟಲೆ ಹೊರಬೀಳುತ್ತದೆ. ಮೇಲೆ ಮಿರಿಮಿರಿ ಪ್ಲಾಸ್ಟಿಕ್ ಕವರು. ಕೊಂಚ ಹೊತ್ತು ನೋಡಿದರೆ ಕವರೇ ಸೀರೆಗಿಂತ ಗಟ್ಟಿ ಅಂತ ಗೊತ್ತಾಗುತ್ತದೆ.

“ದೂರದ ಬೀಗರಿಗಿ ರೀ. ಸೋವಿ ನೋಡಿ ತೋರಸ್ರಿ. ಆದ್ರ ನೋಡಿದವ್ರಿಗಿ ತುಟ್ಟೀದು ಕಾಣ್ಬೇಕು.”

“ಕಾಣ್ತದ ಅಕ್ಕೋರ. ಮೊದಲ್ನೇ ಸಲ ಒಗಿಯೂತನ ಕಾಣ್ತದ.”

ಈ ಅಂಗಡಿಯವನನ್ನು ಅರ್ಥಶಾಸ್ತ್ರದ ಪ್ರೊಫೆಸರ್ ಮಾಡಬೇಕು. ಅತ್ತ ಆಯೇರಿ ಇಸಗೊಂಡವಳೇನು ಕಮ್ಮಿಯೇ? ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ತಿಕ್ಕಿದಳೆಂದರೆ ರೇಟು, ಅಂಗಡಿ, ಕೊಟ್ಟವಳ ಮನಸ್ಸು ಮೂರೂ ಹೊರಬಂತು. ಬಾಯಲ್ಲಿ ಮಾತ್ರ “ಇಷ್ಟು ತುಟ್ಟೀದು ಯಾಕ ತಂದೀರವ್ವ” ಅನ್ನುತ್ತಾಳೆ. ಸೀರೆ ಸೀದಾ ಟ್ರಂಕಿಗೆ ಹೋಗಿ, ಮುಂದಿನ ಮದುವೆಗೆ ಅದೇ ಕವರಿನಲ್ಲಿ ಹೊರಡುತ್ತದೆ. ಇಜೇರಿಯಿಂದ ಹೊರಟ ಸೀರೆ ಅಫಜಲಪುರಕ್ಕೆ ಹೋಗಿ, ಆಳಂದ ಸುತ್ತಿ, ಮಡಿಕೆ ಬಿಚ್ಚದೆ ತವರಿಗೆ ವಾಪಸ್ ಬಂದರೂ ಆಶ್ಚರ್ಯವಿಲ್ಲ. ಉಡುವವರು ಸಿಗದಿದ್ದರೂ ಮೂರು ತಾಲ್ಲೂಕಿನ ಮದುವೆ ನೋಡಿದ ಪುಣ್ಯ ಅದಕ್ಕೆ.

ಗಂಡಸರು ನಗುವುದು ಬೇಡ. ಹೊಸ ಮೊಬೈಲ್ ತಂದವನನ್ನು ರೇಟು ಕೇಳಿ. ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಎಂಟು ಸಾವಿರ, ಕಟ್ಟೆಯ ಮೇಲೆ ದೋಸ್ತರಿಗೆ ಹೇಳಿದ್ದು ಹದಿನೆಂಟು ಸಾವಿರ. ಫೋನು ಒಂದೇ. ಒಂದು ಕಡೆ ಸೋವಿ ಅನ್ನಿಸಿಕೊಳ್ಳಬೇಕು, ಇನ್ನೊಂದು ಕಡೆ ಚೀಪ್ ಅನ್ನಿಸಿಕೊಳ್ಳಬಾರದು.

ಈ ಗುಟ್ಟು ದೊಡ್ಡ ದೊಡ್ಡ ಕಂಪನಿಗಳಿಗೂ ತಡವಾಗಿಯೇ ಹೊಳೆದಿದೆ. ಟಾಟಾ ಕಂಪನಿ 2008ರಲ್ಲಿ ಒಂದು ಲಕ್ಷದ ಕಾರು ಅಂತ ನ್ಯಾನೋ ತೋರಿಸಿದಾಗ ಜಗತ್ತೇ ಬಾಯಿ ತೆರೆದು ನೋಡಿತ್ತು. ಕಾರು ಸಣ್ಣದಾದರೂ ಒಳಗೆ ನಾಲ್ಕು ಮಂದಿ ಕೂಡುತ್ತಿದ್ದರು. ಆದರೆ ಅತಿ ಅಗ್ಗದ ಕಾರು ಅಂತ ಹಣೆಯ ಮೇಲೆ ಬರೆಸಿಕೊಂಡದ್ದನ್ನು ಮನೆ ಮುಂದೆ ಯಾರು ನಿಲ್ಲಿಸುತ್ತಾರೆ? ಅಗ್ಗದ ಕಾರು ಅಂತ ಹೆಸರು ಬಿದ್ದದ್ದೇ ಮುಳುವಾಯಿತು ಅಂತ ರತನ್ ಟಾಟಾ ಅವರೇ ಆಮೇಲೆ ಹೇಳಿದರು. ಈಗ ಕಂಪನಿಗಳು ಚೀಪ್ ಅನ್ನುವುದಿಲ್ಲ. ಬಜೆಟ್ ಅನ್ನುತ್ತವೆ, ಎಕಾನಮಿ ಅನ್ನುತ್ತವೆ, ವ್ಯಾಲ್ಯೂ ಪ್ಯಾಕ್ ಅನ್ನುತ್ತವೆ. ಕೊಡುವ ಸೀರೆಗೆ ಕವರು ಹಾಕುವ ಕೆಲಸವೇ ಇದು.

ರೇಟಿಗೂ ಗುಣಕ್ಕೂ ಸಂಬಂಧವಿದೆ ಅಂತ ಇನ್ನೂ ನಂಬಿದವರು ಯಾರಾದರೂ ಇದ್ದರೆ, ರಾಶಿ ಮುಗಿದ ಮೇಲೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಬನ್ನಿ. ನಮ್ಮದು ತೊಗರಿಯ ನೆಲ. ಕರಿ ಮಣ್ಣಿನಲ್ಲಿ ಸುಣ್ಣ, ಪೊಟ್ಯಾಷ್ ಇರುವುದರಿಂದ ಬೇಳೆಗೆ ಬೇರೆಯದೇ ರುಚಿ ಅಂತ ಹೇಳುತ್ತಾರೆ. 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಗಂಜಿನಲ್ಲಿ ಖರೀದಿದಾರ ಚೀಲಕ್ಕೆ ಕೈ ಹಾಕಿ ಹಿಡಿ ಕಾಳು ತೆಗೆಯುತ್ತಾನೆ. ಅಂಗೈಯಲ್ಲಿ ಹರಡಿ, ಉಫ್ ಅಂತ ಊದಿ, ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಟ್ಟನೆ ಒಡೆಯುತ್ತಾನೆ.

“ಮಾಲು ಭಾರಿ ಅದ ರೀ ಗೌಡ್ರ. ಹೆಸರಿಡಂಗಿಲ್ಲ.”

“ರೇಟು?”

“ರೇಟು ಬಿದ್ದದ್ರಿ.”

ಗುಣ ಹಲ್ಲಿನಲ್ಲಿ ಗೊತ್ತಾಗುತ್ತದೆ, ರೇಟು ಬಂದರಿನಲ್ಲಿ. 2021ರ ಮೇ ತಿಂಗಳಿನಲ್ಲಿ ಹೊರದೇಶದ ತೊಗರಿಗೆ ಪ್ರಮಾಣದ ಮಿತಿಯಿಲ್ಲದೆ ಬಾಗಿಲು ತೆರೆದರು. ಮೊಜಾಂಬಿಕ್ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಲಾರದ ನಮ್ಮ ರೈತನಿಗೂ ಅಲ್ಲಿಂದ ಹಡಗು ಹೊರಟರೆ ಏನಾಗುತ್ತದೆ ಅನ್ನುವುದು ಬಾಯಿಪಾಠ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಪಟ್ಟಣದವರು ಅತ್ತರು, ಟಿವಿಯವರೂ ಜೊತೆಗೂಡಿ ಅತ್ತರು. ಆ ರೇಟು ನೋಡಿ ಎಲ್ಲರೂ ತೊಗರಿಯನ್ನೇ ಬಿತ್ತಿದ್ದೇ ತಡ, ಮುಂದಿನ ಹಂಗಾಮಿನಲ್ಲಿ ಮಾರುಕಟ್ಟೆ ರೇಟು ಕ್ವಿಂಟಲಿಗೆ 5,050ರ ಬೆಂಬಲ ಬೆಲೆಗಿಂತ ಕೆಳಗೆ ಜಾರಿತು. ಆಗ ಅಳುವ ಪಾಳಿ ನಮ್ಮದು, ಟಿವಿಯವರು ಮಾತ್ರ ಬೇರೆ ಕೆಲಸದಲ್ಲಿದ್ದರು. ರಾಜ್ಯ ಸರ್ಕಾರ ತನ್ನ ಪಾಲಿನದು 450 ಸೇರಿಸಿತು. 2024–25ರಲ್ಲಿ ಬೆಂಬಲ ಬೆಲೆ 7,550 ಆದಾಗಲೂ ಸೇರಿಸಿದ್ದು ಅದೇ 450. ಬೀಜ, ಗೊಬ್ಬರ, ಡೀಸೆಲ್, ಆಳಿನ ಕೂಲಿ ಎಲ್ಲವೂ ತುಟ್ಟಿಯಾದ ಕಾಲದಲ್ಲಿ ಸರ್ಕಾರದ ಕರುಣೆಯೊಂದು ಹಳೆ ರೇಟಿಗೇ ಸಿಕ್ಕಿತು.

ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಇನ್ನೊಂದು ಪರೀಕ್ಷೆ. ಎಫ್‌ಎಕ್ಯೂ ಅಂತಾರೆ, ನಮ್ಮ ಮಾತಿನಲ್ಲಿ ಒಳ್ಳೆಯ ಸರಾಸರಿ ಗುಣಮಟ್ಟ. ತೇವಾಂಶ ನೂರಕ್ಕೆ 12 ಮೀರಬಾರದು. ಮಣ್ಣು, ಕಡ್ಡಿ, ಮುರುಕು ಕಾಳು, ಹುಳ ಬಿದ್ದ ಕಾಳು ಎಲ್ಲಕ್ಕೂ ಲೆಕ್ಕವಿದೆ. ಇದೇ ಕಟ್ಟುನಿಟ್ಟು ಬಟ್ಟೆ ಅಂಗಡಿಗಳಿಗೂ ಬಂದರೆ ಅರ್ಧ ಆಯೇರಿ ಮಂಟಪ ಮುಟ್ಟುವುದಿಲ್ಲ. ಸೀರೆ ಹಲಕಾ ಇದ್ದರೂ ತುಟ್ಟಿ ಕಾಣಬೇಕು, ತೊಗರಿ ಭಾರಿ ಇದ್ದರೂ ಸೋವಿ ಸಿಗಬೇಕು. ಎರಡೂ ಕಡೆ ಗಂಟು ಬಿಚ್ಚುವವರು ನಾವೇ.

ಬೆಂಗಳೂರಿನ ಅಕ್ಕ ಅಣ್ಣಂದಿರಲ್ಲಿ ಒಂದು ವಿನಂತಿ. ಬೇಳೆ ತುಟ್ಟಿ ಅನ್ನಿ, ಬೇಜಾರಿಲ್ಲ. ಚೌಕಾಸಿ ಮಾಡಿ, ಅದು ನಿಮ್ಮ ಹಕ್ಕು. ಆದರೆ ಪೊಟ್ಟಣ ತಿರುಗಿಸಿ ಅದು ಎಲ್ಲಿಯ ತೊಗರಿ ಅಂತ ಒಮ್ಮೆ ಓದಿ. ಕಲಬುರಗಿಯದಾಗಿದ್ದರೆ ಇನ್ನೊಂದು ಕಿಲೋ ಹೆಚ್ಚಿಗೆ ಕಟ್ಟಿಸಿಕೊಳ್ಳಿ.