ಧರ್ಮದ ಆಟ

ಆನ್ ಆರ್ಬರ್‌ನ ಮಗನ ಮನೆಗೆ ಬಂದಿದ್ದ ರಾಯರು, ಲಕ್ಷಕ್ಕೂ ಮಿಕ್ಕಿ ಆಸನಗಳ ಮಿಷಿಗನ್ ಸ್ಟೇಡಿಯಂ ಕಂಡು ಬೆಪ್ಪಾದರು.

"ಯಾವ ಕಂಪನಿದೋ ಇದು?"

"ಕಾಲೇಜಿಂದು ಅಪ್ಪ."

"ಈ ಕಾಲೇಜು ಆಟಗಳಿಗೆಲ್ಲ ಯಜಮಾನ ಯಾರು?"

"ಎನ್‌ಸಿಎಎ. ವರ್ಷದ ವರಮಾನ ನೂರು ಕೋಟಿ ಡಾಲರ್ ಮೀರುತ್ತೆ."

"ಅಬ್ಬಾ! ತೆರಿಗೆ?"

"ವಿನಾಯಿತಿ. ಧರ್ಮಸಂಸ್ಥೆ ಅಲ್ವಾ, ವಿದ್ಯೆಗೋಸ್ಕರ ಇರೋದು."

"ಟಿವಿಯವರು ಕೊಡೋ ದುಡ್ಡು?"

"ಅದೂ ವಿದ್ಯೆಗೇ."

"ಮೇಷ್ಟ್ರುಗಳಿಗೆ ಒಳ್ಳೇ ಸಂಬಳ ಅನ್ನು!"

"ಕೋಚ್‌ಗೆ ಅಪ್ಪ. ಎಷ್ಟೋ ರಾಜ್ಯಗಳಲ್ಲಿ ಗವರ್ನರಿಗಿಂತ ಜಾಸ್ತಿ."

"ಆಡೋ ಹುಡುಗರಿಗೆ?"

"ಮೊದಲೆಲ್ಲ ಸ್ಕಾಲರ್‌ಶಿಪ್ಪು. 2021ರವರೆಗೆ ತಮ್ಮ ಹೆಸರಲ್ಲಿ ಒಂದು ಜಾಹೀರಾತಿಗೂ ದುಡ್ಡು ತಗೊಳ್ಳೋ ಹಾಗಿರಲಿಲ್ಲ."

"ಓಹೋ, ಹುಡುಗರು ಧರ್ಮಕ್ಕೆ ಆಡಿದ್ರು, ಅದಕ್ಕೇ ಧರ್ಮಸಂಸ್ಥೆ!"

"ನೋಡೋರು ಒಳ್ಳೇ ಸೀಟಿಗೆ ಕೊಟ್ಟ ದೇಣಿಗೇಲೂ 2017ರವರೆಗೆ ಶೇ. 80ರಷ್ಟಕ್ಕೆ ತೆರಿಗೆ ವಿನಾಯಿತಿ ಇತ್ತು."

"ಹಂಗಾದ್ರೆ ನಮ್ಮ ಆಡಿಟರಿಗೆ ಫೋನ್ ಹಚ್ಚು. ನನ್ನ ಪಿಂಚಣಿ ತೆರಿಗೇನೂ ಬಿಡಿಸ್ಲಿ. ಬೆಳಿಗ್ಗೆ ಷಟಲ್ ಆಡ್ತೀನಲ್ಲ!"