ಬೀಗವಲ್ಲ, ಬೀಗರು

ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಲ್ಲಿ ಮಾತಿಗೆ ಸಿಕ್ಕವರು ಶ್ರೀಮಾನ್ ಸೀಲು. ನಾಣ್ಯದಗಲದ ತಾಮ್ರ-ಹಿತ್ತಾಳೆ ಮೈ. ಅಣುಸ್ಥಾವರಗಳ ಬಾಗಿಲು, ಡಬ್ಬಿ, ಕ್ಯಾಮೆರಾ ಪೆಟ್ಟಿಗೆಗಳಿಗೆ ತಂತಿಯಲ್ಲಿ ಜೋತುಬಿದ್ದು ಆಯುಷ್ಯ ಸವೆಸುವ ಕುಲ.

ನಿಮ್ಮನ್ನು ಕತ್ತರಿಸೋಕೆ ಒಂದು ಕಟಿಂಗ್ ಪ್ಲೇಯರ್ ಸಾಕಂತೆ?

ಸಾಕು. ನಾನು ಬೀಗ ಅಂತ ನಿಮಗೆ ಯಾರು ಹೇಳಿದ್ದು? ನಾನು ಬೀಗರ ಪೈಕಿ. ಬೀಗರು ಏನನ್ನಾದರೂ ತಡೀತಾರಾ? ನೋಡ್ತಾರೆ, ಊರಿಗೆಲ್ಲ ಹೇಳ್ತಾರೆ.

ಕತ್ತರಿಸಿ, ನಿಮ್ಮಂಥದ್ದೇ ನಕಲಿಯೊಂದನ್ನು ತೂಗುಹಾಕಿದರೆ?

ನನ್ನ ಹೊಟ್ಟೆಯೊಳಗೆ ಗೀರು ಎಳೆದು, ಫೋಟೋ ತೆಗೆದಿಟ್ಟುಕೊಂಡೇ ಕಳಿಸೋದು. ವಾಪಸ್ ಬಂದ ಮೇಲೆ ಹೊಟ್ಟೆ ಬಿಚ್ಚಿ ಗೀರಿಗೆ ಗೀರು ತಾಳೆ ಹಾಕ್ತಾರೆ. ನಿಮ್ಮಲ್ಲಿ ಮದುವೆಗೆ ಮುಂಚೆ ಜಾತಕ ನೋಡ್ತಾರೆ, ನಮ್ಮಲ್ಲಿ ಪೋಸ್ಟ್‌ಮಾರ್ಟಂನಲ್ಲಿ.

ಉತ್ತರ ಕೊರಿಯಾದಲ್ಲಿ...

(ತಂತಿ ನಡುಗಿತು.) 2002ರ ಡಿಸೆಂಬರ್, ಯೊಂಗ್‌ಬ್ಯೊನ್ ಅಣುಸ್ಥಾವರ. ನಮ್ಮವರನ್ನು ಕಿತ್ತರು, ಕ್ಯಾಮೆರಾಗಳನ್ನು ಕುರುಡು ಮಾಡಿದರು, ವರ್ಷದ ಕೊನೇ ದಿನ ತಪಾಸಣೆಯವರನ್ನು ಸಾಗಹಾಕಿದರು. ಕೊಳದಲ್ಲಿ ಸುಮಾರು 8,000 ಬಳಸಿದ ಇಂಧನದ ಕಡ್ಡಿಗಳಿದ್ದವು. ಹೇಳಬೇಕಾದ್ದನ್ನು ನಾವು ಸತ್ತೇ ಹೇಳಿದೆವು. ಇಲ್ಲಿಯ ಆಡಳಿತ ಮಂಡಳಿ ಖಂಡಿಸಿ ಠರಾವು ಮಾಡಿತು. 2006ರಲ್ಲಿ ಅವರ ಬಾಂಬು ಸಿಡಿಯಿತು. ಠರಾವು ಮಾತ್ರ ಈಗಲೂ ಫೈಲಿನಲ್ಲಿ ಕ್ಷೇಮ.

ಇರಾನಿನವರು?

ಅವರದು ಸುಸಂಸ್ಕೃತ ಮನೆತನ, ಚಹಾ ಕೊಟ್ಟೇ ಇಲ್ಲ ಅನ್ನೋದು. 2003ರಲ್ಲಿ ಟೆಹರಾನಿನ ಕಾಲಾಯೆ ಎಲೆಕ್ಟ್ರಿಕ್ ಅನ್ನೋ ಕಾರ್ಖಾನೆಯಲ್ಲಿ ಗೋಡೆ ಒರೆಸಿ ನೋಡ್ತೀವಿ ಅಂದರೆ ಮೊದಲು ಬಿಡಲಿಲ್ಲ. ತಿಂಗಳುಗಟ್ಟಲೆ ಕಾಯಿಸಿ ಒಳಗೆ ಬಿಟ್ಟಾಗ ಗೃಹಪ್ರವೇಶಕ್ಕೆ ಕರೆದ ಹಾಗಿತ್ತು, ಎಲ್ಲ ಹೊಸದು! ಆದರೂ ಹತ್ತಿಬಟ್ಟೆಗೆ ಸಂವರ್ಧಿತ ಯುರೇನಿಯಂ ಕಣ ಅಂಟಿಕೊಂಡು ಬಂತು. ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವರು ಹೆಗಲಿಗೆ ಸುಣ್ಣ ಬಳಿಸಿದ್ದರು. ಕಣ ಹೊರದೇಶದ ಸಂವರ್ಧನಾ ಯಂತ್ರದ ಜೊತೆ ಬಂದದ್ದು ಅಂತ ವಾದಿಸಿದರು. ಬಹುಮಟ್ಟಿಗೆ ನಿಜವೇ ಅನ್ನಿ. ಆದರೆ ಅಲ್ಲಿಯವರೆಗೆ ಯಂತ್ರವೆಲ್ಲ ಸ್ವದೇಶಿ ಅಂದಿದ್ದರು!

ಇರಾನಿನ ಜೊತೆಗಿನ 2015ರ ಅಣು ಒಪ್ಪಂದ?

ಇದೇ ಊರಿನ ಅರಮನೆ ಹೋಟೆಲಿನಲ್ಲಿ ಆದದ್ದು. 159 ಪುಟ. ಸಂವರ್ಧನೆ ಶೇಕಡಾ 3.67 ಮೀರಬಾರದು, ದಾಸ್ತಾನು 300 ಕೆಜಿ ದಾಟಬಾರದು ಅಂತಿತ್ತು. ಘೋಷಿಸದ ಜಾಗ ನೋಡಬೇಕೆಂದು ಜಗಳ ಬಿದ್ದರೆ 24 ದಿನದೊಳಗೆ ತೀರ್ಮಾನ ಆಗಬೇಕಿತ್ತು.

24 ದಿನದಲ್ಲಿ ಎಲ್ಲ ಸಾಗಿಸಿಬಿಡಬಹುದಲ್ಲ?

ಮೇಜು ಕುರ್ಚಿ ಸಾಗಿಸಬಹುದು. ಯುರೇನಿಯಂ-235ರ ಅರ್ಧಾಯುಷ್ಯ 70 ಕೋಟಿ ವರ್ಷ ಸ್ವಾಮಿ, ಅದರ ಧೂಳಿಗೆ ಅವಸರವಿಲ್ಲ. ಅವಸರ ಇದ್ದದ್ದು ವಾಷಿಂಗ್ಟನ್ನಿಗೆ. ಇರಾನ್ ಮಾತಿಗೆ ತಪ್ಪಿಲ್ಲ ಅಂತ ನಾವು ವರದಿ ಮೇಲೆ ವರದಿ ಕೊಡ್ತಿದ್ದ ಹಾಗೇ 2018ರ ಮೇನಲ್ಲಿ ಟ್ರಂಪ್ ಒಪ್ಪಂದದಿಂದ ಎದ್ದು ಹೋದರು. 2021ಕ್ಕೆ ಇರಾನಿನ ಸಂವರ್ಧನೆ ಶೇಕಡಾ 60 ಮುಟ್ಟಿತು. ಆಚೆ ಮನೆಯವರು ಸಂಬಂಧ ಮುರಿದರೆ ಹೇಳೋಕೆ ಅವರಿಗೊಂದು ಸೀಲು ಹಾಕಿರಲಿಲ್ಲ ನೋಡಿ.

ನಮ್ಮ ಕೈಗಾ ಅಣುಸ್ಥಾವರಕ್ಕೆ ಬಂದಿದ್ದೀರಾ?

ಎಲ್ಲಿ ಕರೆದಿರಿ? 2009ರಲ್ಲಿ ನಿಮ್ಮವರ ಜೊತೆ ಒಪ್ಪಂದವಾಯಿತು. ಯಾವ ಕೋಣೆ ತೋರಿಸೋದು ಅಂತ ಮನೆಯವರೇ ಆರಿಸಿದರು, 22 ರಿಯಾಕ್ಟರುಗಳಲ್ಲಿ 14. ರಾಜಸ್ಥಾನ ಉಂಟು, ಕೂಡಂಕುಳಂ ಉಂಟು, ಕೈಗಾ ಇಲ್ಲ.

ಬೇಜಾರಾ?

ಛೆ, ಅಲ್ಲಿ ಮಳೆ ಜಾಸ್ತಿಯಂತೆ. ತಾಮ್ರದ ಮೈಗೆ ಒಗ್ಗಲ್ಲ.